ವಸಡಿನ ಹತ್ತಿರ ಸವೆದ ಹಲ್ಲಿಗೆ ಯಾವ ಫಿಲ್ಲಿಂಗ್?

ಪ್ರಶ್ನೆ: ನನಗೆ 51 ವರ್ಷ. ಊರು ಸೇಡಂ ಕಡೆ, ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ಮೇಲಿನ ಎಡಗಡೆ ಕೋರೆಹಲ್ಲು ಮತ್ತು ಅದರ ಹಿಂದಿನ ಎರಡು ಹಲ್ಲು ವಸಡಿನ ಹತ್ತಿರ ಕೊರೆದಂತೆ ಸವೆದಿವೆ. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತೆ. ಹಿಂದಿನ ಎರಡಕ್ಕೆ ತಣ್ಣೀರು ತಾಗಿದರೆ ಜುಮ್ ಅನ್ನುತ್ತೆ, ಕೋರೆಹಲ್ಲಿಗೆ ಏನೂ ಆಗಲ್ಲ. ಕೆಳಗಿನ ಒಂದು ಹಲ್ಲಲ್ಲೂ ಈಗ ಸಣ್ಣಗೆ ಶುರುವಾಗಿದೆ. ಹೋದ ವರ್ಷ ಮೇಲಿನ ಮೂರಕ್ಕೂ ಬಿಳಿ ಫಿಲ್ಲಿಂಗ್ ಮಾಡಿಸಿದೆ. ಹತ್ತು ತಿಂಗಳಿಗೆ ಕೋರೆಹಲ್ಲಿನದು ಖಡಕ್ ರೊಟ್ಟಿ ತಿನ್ನುವಾಗ ಕಿತ್ತು ಬಂತು. ಆಮೇಲೆ ಅದರ ಪಕ್ಕದ್ದು ಬಾಯಿ ಮುಕ್ಕಳಿಸುವಾಗ ಬಿತ್ತು. ಮೂರನೆಯದು ಇದೆ, ಆದರೆ ಅಂಚು ಕಂದು ಬಣ್ಣಕ್ಕೆ ತಿರುಗಿದೆ. ಇನ್ನೊಬ್ಬ ಡಾಕ್ಟರು "ಇಲ್ಲಿ ಸಿಮೆಂಟೇ ಸರಿ" ಅಂದರು. ಮತ್ತೊಬ್ಬರು ಮೂರಕ್ಕೂ ಕ್ಯಾಪ್ ಅಂದರು. ನಮ್ಮಣ್ಣ ಬೆಳ್ಳಿ ಫಿಲ್ಲಿಂಗ್ ಹಾಕಿಸು, ಇಪ್ಪತ್ತು ವರ್ಷ ಅಲ್ಲಾಡಲ್ಲ ಅಂತಾನೆ. ಮನೆಯವರು ಅದರಲ್ಲಿ ಪಾದರಸ ಇರುತ್ತೆ, ಬೇಡ ಅಂತಾರೆ. ಹಲ್ಲು ಕ್ಲೀನ್ ಮಾಡಿಸಿದ ಮೇಲೇ ಹೀಗಾಯ್ತು ಅಂತ ನನಗೆ ಅನುಮಾನ. ಚಿಕ್ಕವನಿದ್ದಾಗ ಇದ್ದಿಲು ಪುಡಿ, ಆಮೇಲೆ ಮಂಜನ್, ಈಗ ಹಾರ್ಡ್ ಬ್ರಷ್. ಬಿಪಿ ಗುಳಿಗೆ ತಗೋತೀನಿ. ಏನು ಹಾಕಿಸಲಿ?

ಉತ್ತರ: ಒಂದೊಂದು ಕಡೆ ಒಂದೊಂದು ಮಾತು ಕೇಳಿದರೆ ಯಾರಿಗಾದರೂ ತಲೆ ಕೆಡುತ್ತೆ. ಅದಕ್ಕೇ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಜುಮ್ ಅನ್ನುವ ಹಿಂದಿನ ಎರಡು ಹಲ್ಲಿಗೆ ರೆಸಿನ್ (ಪ್ಲಾಸ್ಟಿಕ್ಕಿನಂಥ ವಸ್ತು) ಬೆರೆಸಿದ ಗ್ಲಾಸ್ ಅಯೋನೋಮರ್ ಸಿಮೆಂಟ್ ಹಾಕಿಸಿ. ಕೋರೆಹಲ್ಲಿನ ಗುಂಡಿ ನಕ್ಕಾಗ ಕಾಣುತ್ತೆ, ಬೇಸರ ಅನ್ನಿಸುತ್ತೆ ಅಂದರೆ ಬಿಳಿ ಕಾಂಪೊಸಿಟ್ ಮತ್ತೊಮ್ಮೆ ಹಾಕಿಸಬಹುದು, ಆದರೆ ಈ ಸಲ ಹಾಕುವ ಕ್ರಮ ಬೇರೆ ಇರಬೇಕು. ಕೆಳಗಿನ ಹಲ್ಲನ್ನು ಸದ್ಯ ಮುಟ್ಟಬೇಡಿ. ನೀವು ಬರೆದಷ್ಟರಿಂದ ನೋಡಿದರೆ ಕ್ಯಾಪ್ ಬೇಕಿಲ್ಲ. ನಿಮ್ಮ ಬಾಯಿ ನಾನು ನೋಡಿಲ್ಲ, ಎಕ್ಸ್‌ರೇ ನೋಡಿಲ್ಲ. ಹಾಗಾಗಿ ಇದನ್ನು ಹಿಡಿದುಕೊಂಡು ನಿಮ್ಮ ಡಾಕ್ಟರ ಜೊತೆ ಕೂತು ಮಾತಾಡಿ.

ಮೊದಲು ಕ್ಲೀನಿಂಗ್ ವಿಷಯ. ಕ್ಲೀನಿಂಗಿನಿಂದ ಈ ಗುಂಡಿ ಬೀಳುವುದಿಲ್ಲ. ಗಾರೆ, ಅಂದರೆ ಗಟ್ಟಿಯಾದ ಕೊಳೆ, ಕಟ್ಟಿದ ಹಲ್ಲಿನಲ್ಲಿ ಗುಂಡಿ ಅದರ ಅಡಿಯಲ್ಲಿ ಮುಚ್ಚಿ ಹೋಗಿರುತ್ತೆ. ಗಾರೆ ತೆಗೆದ ದಿನ ಗುಂಡಿ ಕಣ್ಣಿಗೆ ಬೀಳುತ್ತೆ, ನಾಲಿಗೆಗೆ ತಾಗುತ್ತೆ, ತಣ್ಣೀರು ಒಳಗೆ ಹೊಕ್ಕುತ್ತೆ. "ಅವತ್ತಿಂದಲೇ ಶುರು" ಅಂತ ಅನ್ನಿಸೋದು ಸಹಜ. ಆದರೆ ಈ ಸವೆತ ಹತ್ತು ಹದಿನೈದು ವರ್ಷದ ಕೆಲಸ. ಇದೇ ಭಯದಿಂದ ನಮ್ಮ ಕಡೆ ಎಷ್ಟೋ ಜನ ಕ್ಲೀನಿಂಗ್ ಬಿಟ್ಟು, ಕೊನೆಗೆ ವಸಡು ಹಾಳಾಗಿ ಹಲ್ಲು ಅಲ್ಲಾಡತೊಡಗಿದ ಮೇಲೆ ಬರುತ್ತಾರೆ. ಅದನ್ನು ನೋಡಿದಾಗ ನಿಜಕ್ಕೂ ಸಂಕಟ ಆಗುತ್ತೆ.

ಸವೆತ ಅದೇ ಜಾಗದಲ್ಲಿ ಯಾಕೆ? ಹಲ್ಲಿನ ಮೇಲಿರುವ ಗಟ್ಟಿ ಹೊದಿಕೆ ಎನಾಮಲ್. ಕಚ್ಚುವ ತುದಿಯಲ್ಲಿ ಅದು ದಪ್ಪ ಇರುತ್ತೆ, ವಸಡಿನ ಹತ್ತಿರ ಬರ್ತಾ ತೆಳ್ಳಗಾಗಿ ಅಲ್ಲೇ ಮುಗಿದು ಹೋಗುತ್ತೆ. ಅಲ್ಲಿಂದಾಚೆ ಬೇರು ಶುರು. ವಸಡು ಸ್ವಲ್ಪ ಹಿಂದೆ ಸರಿದರೂ ಸಾಕು, ಎನಾಮಲ್‌ಗಿಂತ ಮೆತ್ತಗಿನ ಒಳಭಾಗ, ಡೆಂಟಿನ್, ಬಯಲಿಗೆ ಬೀಳುತ್ತೆ. ಅಡ್ಡಡ್ಡ ಉಜ್ಜುವ ಗಟ್ಟಿ ಬ್ರಷ್, ಇದ್ದಿಲು, ಉಪ್ಪು, ಇಟ್ಟಂಗಿ ಪುಡಿ, ಒರಟು ಮಂಜನ್, ಇವೆಲ್ಲ ಮೊದಲು ತಿನ್ನೋದು ಅದನ್ನೇ. ಕೋರೆಹಲ್ಲು ಮತ್ತು ಅದರ ಹಿಂದಿನ ಹಲ್ಲುಗಳು ದವಡೆಯ ತಿರುವಿನಲ್ಲಿ ಹೊರಗೆ ಚಾಚಿರುತ್ತವೆ, ಅದಕ್ಕೇ ಪೆಟ್ಟು ಅವಕ್ಕೆ ಜಾಸ್ತಿ. ಬಲಗೈಯವರಿಗೆ ಬಾಯಿಯ ಎಡಭಾಗದಲ್ಲಿ ಸವೆತ ಹೆಚ್ಚು ಕಾಣೋದು ಸಾಮಾನ್ಯ, ಅಲ್ಲಿ ಕೈಯ ಜೋರು ಪೂರ್ತಿ ಬೀಳುತ್ತೆ. ನೀವು ಬಲಗೈಯವರೇ ಇರಬೇಕು ಅನ್ನಿಸುತ್ತೆ.

ಎರಡನೆಯ ಕಾರಣ ಹುಳಿ. ಪಿಎಚ್ ಅನ್ನೋದು ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಬಾಯಿಯಲ್ಲಿ ಅದು ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಎನಾಮಲ್ ಕರಗತೊಡಗುತ್ತೆ. ಬೇರಿನ ಭಾಗ ಅದಕ್ಕಿಂತ ಕಡಿಮೆ ಹುಳಿಗೇ ಕರಗುತ್ತೆ. ನಿಂಬೆರಸದ ಪಿಎಚ್ 2ರ ಆಸುಪಾಸು, ಕೋಲಾ ಕೂಡ ಹೆಚ್ಚು ದೂರ ಇಲ್ಲ. ಊಟದಲ್ಲಿ ಪುಂಡಿಪಲ್ಯ, ಹುಣಸೆ ಹಾಕಿದ ಸಾರು ಇದ್ದರೆ ಏನೂ ತೊಂದರೆ ಇಲ್ಲ, ಅದು ಬಂದು ಹೋಗುತ್ತೆ. ಬೇಸಿಗೆಯಲ್ಲಿ ಲಿಂಬು ಸೋಡಾ ಗುಟುಕು ಗುಟುಕಾಗಿ ಅರ್ಧ ಗಂಟೆ ಕುಡಿಯೋದು, ಆಮೇಲೆ ತಕ್ಷಣ ಬ್ರಷ್ ಮಾಡೋದು, ಇದು ಕೆಡಿಸುತ್ತೆ. ಹುಳಿಗೆ ಮೆತ್ತಗಾದ ಪದರವನ್ನು ಬ್ರಷ್ ಎತ್ತಿಕೊಂಡು ಹೋಗುತ್ತೆ. ಹುಳಿ ಕುಡಿದ ಮೇಲೆ ನೀರಲ್ಲಿ ಮುಕ್ಕಳಿಸಿ, ಒಂದು ಗಂಟೆ ಬಿಟ್ಟು ಬ್ರಷ್ ಹಿಡಿಯಿರಿ. ರಾತ್ರಿ ಎದೆ ಉರಿ, ಹುಳಿತೇಗು ಇದ್ದರೆ ಅದಕ್ಕೂ ಔಷಧಿ ತಗೊಳ್ಳಬೇಕು.

ಮೂರನೆಯದು ಹಲ್ಲು ಕಡಿಯುವ ಅಭ್ಯಾಸ. ಕಚ್ಚುವ ಒತ್ತಡಕ್ಕೆ ಹಲ್ಲಿನ ಕುತ್ತಿಗೆ ಬಾಗಿ ಅಲ್ಲಿನ ಎನಾಮಲ್ ಚೂರು ಚೂರಾಗಿ ಉದುರುತ್ತೆ ಅನ್ನುವ ವಾದ ಇದೆ. ಇದರ ಬಗ್ಗೆ ದಂತವೈದ್ಯರಲ್ಲೇ ಒಮ್ಮತ ಇಲ್ಲ. ನನ್ನ ಮಟ್ಟಿಗೆ ಹೇಳೋದಾದರೆ, ಗುಂಡಿ ಚೂಪಾಗಿ ಬೆಣೆ ಹೊಡೆದಂತೆ ಇದ್ದು, ಅದೇ ಹಲ್ಲಿನ ತುದಿ ಚಪ್ಪಟೆಯಾಗಿ ಸವೆದಿದ್ದರೆ ನಾನು ಕಚ್ಚುವುದನ್ನೂ ಪರೀಕ್ಷೆ ಮಾಡುತ್ತೇನೆ. ಬೆಳಗ್ಗೆ ಏಳುವಾಗ ದವಡೆ ನೋಯುತ್ತಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ರಾತ್ರಿ ಕಟಕಟ ಸದ್ದು ಬರುತ್ತಾ ಅಂತ ಮನೆಯವರನ್ನು ಕೇಳಿ. ಹೌದು ಅಂದರೆ ರಾತ್ರಿ ಹಾಕಿಕೊಳ್ಳುವ ಗಾರ್ಡ್ ಬೇಕಾಗಬಹುದು.

ಈಗ ನಿಮ್ಮ ಫಿಲ್ಲಿಂಗ್ ಯಾಕೆ ಬಿತ್ತು ಅನ್ನೋದಕ್ಕೆ ಬರೋಣ. ಇಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ. ತಪ್ಪು ಖಡಕ್ ರೊಟ್ಟಿಯದಲ್ಲ. ರೊಟ್ಟಿ ಕಡಿಯೋದು ಹಲ್ಲಿನ ತುದಿ, ಫಿಲ್ಲಿಂಗ್ ಇದ್ದದ್ದು ಬುಡದಲ್ಲಿ. ಇನ್ನೊಂದು ಬರೀ ಮುಕ್ಕಳಿಸುವಾಗ ಬಂತು ಅಂದರೆ ಎರಡರ ಅಂಟೂ ಮೊದಲೇ ಬಿಟ್ಟಿತ್ತು.

ಕನ್ನಡಿ ಮುಂದೆ ಟಾರ್ಚ್ ಹಿಡಿದು ಕೋರೆಹಲ್ಲಿನ ಗುಂಡಿ ನೋಡಿ. ಅದು ಹಳದಿ ಇಲ್ಲ ಕಂದು ಬಣ್ಣಕ್ಕೆ ತಿರುಗಿ, ಗಾಜಿನಂತೆ ಮಿಂಚುತ್ತಾ ಇರಬಹುದು. ಡೆಂಟಿನ್ ತುಂಬ ಸಣ್ಣ ಸಣ್ಣ ಕೊಳವೆಗಳು. ಅವುಗಳಲ್ಲಿ ದ್ರವ ಇರುತ್ತೆ. ತಣ್ಣೀರು ತಾಗಿದಾಗ ಆ ದ್ರವ ಸರಿದಾಡಿ ಒಳಗಿನ ನರವನ್ನು ಎಳೆಯುತ್ತೆ, ಅದೇ ಜುಮ್. ವರ್ಷಗಟ್ಟಲೆ ನಿಧಾನವಾಗಿ ಸವೆದ ಹಲ್ಲು ಆ ಕೊಳವೆಗಳ ಬಾಯನ್ನು ತಾನೇ ಖನಿಜ ತುಂಬಿ ಮುಚ್ಚಿಕೊಳ್ಳುತ್ತೆ. ಅದಕ್ಕೇ ನಿಮ್ಮ ಕೋರೆಹಲ್ಲಿಗೆ ನೋವಿಲ್ಲ. ಹಲ್ಲಿಗೆ ಇದು ಒಳ್ಳೆಯದೇ, ಫಿಲ್ಲಿಂಗಿಗೆ ಮಾತ್ರ ಕೆಟ್ಟದ್ದು. ಕಾಂಪೊಸಿಟ್ ಹಿಡಿಯೋದು ಬಾಂಡ್ ಅನ್ನುವ ಅಂಟಿನಿಂದ. ಆ ಅಂಟು ಕೊಳವೆಗಳಲ್ಲಿ, ಅವುಗಳ ಸುತ್ತಲಿನ ಪದರದಲ್ಲಿ ಇಳಿದು ಗಟ್ಟಿಯಾಗಬೇಕು. ಮಿಂಚುವ ಮೇಲ್ಮೈಯಲ್ಲಿ ಇಳಿಯೋಕೆ ಜಾಗವೇ ಇರಲ್ಲ. ಪಾಲಿಶ್ ಮಾಡಿದ ಶಹಾಬಾದ್ ಕಲ್ಲಿನ ಮೇಲೆ ಗಿಲಾವ್ ನಿಲ್ಲುತ್ತಾ? ಮೊದಲು ಕಚ್ಚು ಹಾಕಬೇಕು. ಇಲ್ಲೂ ಕೊರೆಯುವ ಯಂತ್ರದ ಸಣ್ಣ ಮೊನೆಯಿಂದ (ಬರ್) ಆ ಹೊಳಪನ್ನು ಒಂದು ಪದರ ಒರಟು ಮಾಡಿಕೊಂಡೇ ಬಾಂಡ್ ಹಚ್ಚಬೇಕು.

ಇನ್ನೊಂದು ತೊಂದರೆ ಒದ್ದೆ. ವಸಡಿನ ಸಂದಿಯಿಂದ ಸದಾ ಸ್ವಲ್ಪ ದ್ರವ ಜಿನುಗುತ್ತೆ. ವಸಡು ಊದಿದ್ದರೆ ರಕ್ತವೂ ಬರುತ್ತೆ. ಬಾಂಡ್ ಹಚ್ಚುವ ಹೊತ್ತಿಗೆ ಅಲ್ಲಿ ಒಂದು ತೊಟ್ಟು ಜೊಲ್ಲು ತಾಗಿದರೂ ಅಂಟು ಕಚ್ಚಲ್ಲ. ಜೊತೆಗೆ, ಗಟ್ಟಿ ಮಾಡೋಕೆ ಲೈಟ್ ಹಿಡಿದಾಗ ಕಾಂಪೊಸಿಟ್ ಗಾತ್ರದಲ್ಲಿ ಸುಮಾರು ನೂರಕ್ಕೆ 2-3 ಪಾಲು ಕುಗ್ಗುತ್ತೆ. ಹಲ್ಲಿನ ತುದಿಯ ಕಡೆಯ ಅಂಚಿನಲ್ಲಿ ಎನಾಮಲ್ ಇರೋದರಿಂದ ಅಂಟು ಗಟ್ಟಿ, ವಸಡಿನ ಕಡೆ ಸಡಿಲ. ಕುಗ್ಗುವಾಗ ವಸಡಿನ ಕಡೆಯ ಅಂಚು ಎದ್ದು ಕೂದಲೆಳೆಯಷ್ಟು ಸಂದು ಬೀಳುತ್ತೆ. ಚಹಾ ಬಣ್ಣ ಅಲ್ಲೇ ಇಳಿಯೋದು. ನಿಮ್ಮ ಮೂರನೆಯ ಫಿಲ್ಲಿಂಗಿನ ಕಂದು ಅಂಚು ಇದೇ ಇರಬಹುದು. ಅಂಚಿನ ಬಣ್ಣವೆಲ್ಲ ಹುಳುಕಲ್ಲ, ಜುಮ್ ಇಲ್ಲದಿದ್ದರೆ ಪಾಲಿಶ್ ಮಾಡಿ ಬಿಡಬಹುದಿತ್ತು. ನಿಮಗೆ ಆ ಹಲ್ಲು ಇನ್ನೂ ಜುಮ್ ಅನ್ನುತ್ತೆ ಅಂದರೆ ಒಳಗೆ ಸೋರುತ್ತಿರಬಹುದು. ಹಾಗಿದ್ದರೆ ತೆಗೆದು ಹೊಸದು ಹಾಕಿಸೋದೇ ಸರಿ.

ಸಿಮೆಂಟ್ ಅಂದರೆ ಬಡವರ ಫಿಲ್ಲಿಂಗ್, ಹಳೇ ಕಾಲದ್ದು ಅನ್ನುವ ಭಾವನೆ ತುಂಬ ಜನಕ್ಕೆ ಇದೆ. ಅದು ಸರಿಯಲ್ಲ. ಇವತ್ತಿನ ಕಾಂಪೊಸಿಟ್‌ಗಳ ಮೂಲ ರೆಸಿನ್‌ಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1962ರಲ್ಲಿ. ಗ್ಲಾಸ್ ಅಯೋನೋಮರ್ ಬಗ್ಗೆ ಲಂಡನ್‌ನ ವಿಜ್ಞಾನಿಗಳಾದ ವಿಲ್ಸನ್ ಮತ್ತು ಕೆಂಟ್ ಬರೆದದ್ದು 1972ರಲ್ಲಿ. ಅಂದರೆ ಎರಡರಲ್ಲಿ ಸಿಮೆಂಟೇ ಹೊಸದು. ಈ ಸಿಮೆಂಟಿಗೆ ಬೇರೆ ಅಂಟು ಬೇಕಿಲ್ಲ. ಹಲ್ಲಿನ ಕ್ಯಾಲ್ಸಿಯಂ ಜೊತೆ ತಾನೇ ರಾಸಾಯನಿಕವಾಗಿ ಬೆಸೆಯುತ್ತೆ. ಬಿಸಿಗೆ ಹಿಗ್ಗೋದು, ತಂಪಿಗೆ ಕುಗ್ಗೋದು ಹೆಚ್ಚುಕಡಿಮೆ ಹಲ್ಲಿನಷ್ಟೇ. ಸ್ವಲ್ಪ ಸ್ವಲ್ಪ ಫ್ಲೋರೈಡ್ ಬಿಡುತ್ತೆ. ಬುಡದ ಸವೆತದ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕಾಂಪೊಸಿಟ್‌ಗಿಂತ ಗ್ಲಾಸ್ ಅಯೋನೋಮರ್ ಬೀಳೋದು ಕಡಿಮೆ ಎಂದೇ ಬಂದಿದೆ. ನಿಮ್ಮ ಎರಡನೆಯ ಡಾಕ್ಟರ ಮಾತಿಗೆ ಆಧಾರ ಇದೆ.

ಹಾಗಂತ ಅದರಲ್ಲಿ ಕುಂದಿಲ್ಲ ಅಂತಲ್ಲ. ಸಾದಾ ಸಿಮೆಂಟ್ ಮಂಕು ಬಿಳಿ, ಹಲ್ಲಿನ ಹೊಳಪು ಬರಲ್ಲ. ಮೇಲ್ಮೈ ಒರಟಾಗುತ್ತೆ, ಬಣ್ಣ ಹಿಡಿಯುತ್ತೆ. ಹುಳಿಗೆ ಕರಗುತ್ತೆ, ಬ್ರಷ್ಷಿಗೆ ಬೇಗ ಸವೆಯುತ್ತೆ. ನೀವು ಹಾರ್ಡ್ ಬ್ರಷ್ ಬಿಡದೇ ಇದ್ದರೆ ಸಿಮೆಂಟ್ ಬೀಳಲ್ಲ, ತಿಂದು ಹೋಗುತ್ತೆ, ಅಷ್ಟೇ ವ್ಯತ್ಯಾಸ. ಹಾಕಿದ ಕೆಲವೇ ನಿಮಿಷಕ್ಕೆ ಗಟ್ಟಿಯಾದಂತೆ ಕಂಡರೂ ಪೂರ್ತಿ ಬಲ ಬರೋಕೆ ಒಂದು ದಿನವಾದರೂ ಬೇಕು. ಅದಕ್ಕೇ ಮೇಲೆ ವಾರ್ನಿಶ್ ಹಚ್ಚುತ್ತೇವೆ, ಅವತ್ತು ಆ ಕಡೆ ಅಗಿಯಬೇಡಿ ಅನ್ನುತ್ತೇವೆ.

ರೆಸಿನ್ ಬೆರೆಸಿದ ಗ್ಲಾಸ್ ಅಯೋನೋಮರ್ ಇವೆರಡರ ನಡುವಿನದು. ಹಲ್ಲಿಗೆ ತಾನೇ ಬೆಸೆಯುತ್ತೆ, ಲೈಟ್ ಹಿಡಿದರೆ ಕೂಡಲೇ ಬಿಗಿಯುತ್ತೆ, ಸಾದಾ ಸಿಮೆಂಟಿಗಿಂತ ನೋಡೋಕೆ ಚೆನ್ನ. ಅಂಗಡಿಯಲ್ಲಿ ಫುಜಿ 2 ಎಲ್‌ಸಿ ಅಂತ ಸಿಗೋದು ಈ ಜಾತಿಯದು. ವರ್ಷ ಕಳೆದಂತೆ ಬಣ್ಣ ಸ್ವಲ್ಪ ಮಾಸುತ್ತೆ. ಆದರೆ ಕೋರೆಹಲ್ಲಿನ ಹಿಂದೆ ಅದು ಎದ್ದು ಕಾಣಲ್ಲ. ಮೂಲೆಯಲ್ಲಿದ್ದು, ಒಣಗಿಸೋದು ಕಷ್ಟವಾದ, ಜುಮ್ ಅನ್ನುವ ಹಲ್ಲಿಗೆ ನನ್ನ ಮೊದಲ ಆಯ್ಕೆ ಇದೇ.

ತೆಳುವಾಗಿ ಹರಿಯುವ ಕಾಂಪೊಸಿಟ್ ಹಾಕಿದರೆ ಹಲ್ಲಿನ ಜೊತೆ ಬಾಗುತ್ತೆ, ಹಾಗಾಗಿ ಬೀಳಲ್ಲ ಅಂತ ಕೆಲವರು ಹೇಳಬಹುದು. ಬಾಗೋದು ನಿಜ, ಕುಗ್ಗೋದೂ ಜಾಸ್ತಿ. ನಿಲ್ಲೋದರಲ್ಲಿ ದೊಡ್ಡ ಫರಕು ನಾನು ಕಂಡಿಲ್ಲ.

ಬೆಳ್ಳಿ ಫಿಲ್ಲಿಂಗ್ ಬಗ್ಗೆ ನಿಮ್ಮಣ್ಣ ಹೇಳಿದ್ದು ದವಡೆ ಹಲ್ಲಿನ ಮೇಲ್ಭಾಗಕ್ಕೆ ಸರಿ, ಅಲ್ಲಿ ಅದು ಎಷ್ಟೋ ವರ್ಷ ನಿಂತಿದೆ. ಆದರೆ ಅದು ಹಲ್ಲಿಗೆ ಅಂಟೋದೇ ಇಲ್ಲ. ಒಳಗೆ ಅಗಲ ಮಾಡಿ ಕೊರೆದು ಸಿಕ್ಕಿಸಬೇಕು. ಸವೆದು ತೆಳ್ಳಗಾದ ಕುತ್ತಿಗೆಯಲ್ಲಿ ಇನ್ನೂ ಕೊರೆದರೆ ನರ ಹತ್ತಿರ ಆಗುತ್ತೆ. ಮನೆಯವರ ಮಾತೂ ಸುಳ್ಳಲ್ಲ, ಅದರ ತೂಕದಲ್ಲಿ ಸುಮಾರು ಅರ್ಧ ಪಾದರಸವೇ. ಪಾದರಸದ ಬಳಕೆ ತಗ್ಗಿಸೋಕೆ ದೇಶಗಳು ಮಾಡಿಕೊಂಡ 2013ರ ಮಿನಮಾಟಾ ಒಪ್ಪಂದದ ನಂತರ ಅದರ ಬಳಕೆ ಕಡಿಮೆ ಮಾಡುತ್ತಾ ಬಂದಿದ್ದಾರೆ, ಭಾರತವೂ ಆ ಒಪ್ಪಂದದಲ್ಲಿದೆ. ಹಾಗಂತ ಹಿಂದೆ ಹಾಕಿಸಿದ ಬೆಳ್ಳಿ ಫಿಲ್ಲಿಂಗ್ ಗಟ್ಟಿಯಾಗಿದ್ದರೆ ಹೆದರಿ ಸುಮ್ನೆ ತೆಗೆಸಬೇಡಿ. ತೆಗೆಯುವಾಗಲೇ ಪಾದರಸದ ಆವಿ ಹೆಚ್ಚು ಏಳುತ್ತೆ.

ಕ್ಯಾಪ್ ಹಾಕಬೇಕಾದರೆ ಹಲ್ಲನ್ನು ಸುತ್ತಲೂ ಅರೆಯಬೇಕು. ಬುಡದಲ್ಲಿ ಒಂದು ಗುಂಡಿ ಇದೆ ಅಂತ ಉಳಿದ ಚೆನ್ನಾಗಿರುವ ಎನಾಮಲ್ ಪೂರ್ತಿ ತೆಗೆಯೋದನ್ನು ನಾನು ಒಪ್ಪೋದಿಲ್ಲ. ಅರೆದ ಮೇಲೆ ನರ ಕೆರಳಿ ರೂಟ್ ಕೆನಾಲ್ ತನಕ ಹೋಗುವ ಸಾಧ್ಯತೆಯೂ ಇದೆ. ಹಲ್ಲು ಅರ್ಧಕ್ಕೂ ಹೆಚ್ಚು ಕೊರೆದು ಮುರಿಯುವಂತೆ ಇದ್ದರೆ, ಇಲ್ಲ ರೂಟ್ ಕೆನಾಲ್ ಆಗಿ ಟೊಳ್ಳಾಗಿದ್ದರೆ ಮಾತು ಬೇರೆ. ವಸಡು ತುಂಬ ಸರಿದು ಹಲ್ಲಿನ ಬೇರು ಕಾಣುತ್ತಿದ್ದರೆ ವಸಡಿನ ಕಸಿ ಮಾಡಿ ಮುಚ್ಚುವ ಶಸ್ತ್ರಚಿಕಿತ್ಸೆ ಇದೆ. ಅದಕ್ಕೆ ವಸಡಿನ ತಜ್ಞರನ್ನೇ ಕೇಳಬೇಕು.

ನಮ್ಮ ಭಾಗಕ್ಕೆ ಸೇರಿದ ಎರಡು ಮಾತು ಇಲ್ಲಿ ಹೇಳಲೇಬೇಕು. ಕಲಬುರಗಿ, ಯಾದಗಿರಿ ಜಿಲ್ಲೆಯ ಕೆಲವು ಹಳ್ಳಿಗಳ ಬೋರ್ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದೆ. ಅಂಥ ನೀರು ಕುಡಿದು ಬೆಳೆದವರ ಹಲ್ಲಲ್ಲಿ ಸುಣ್ಣದಂಥ ಬಿಳಿ ಪಟ್ಟೆ, ಕಂದು ಕಲೆ ಇರುತ್ತೆ. ಬಾಂಡ್‌ಗೆ ಮುಂಚೆ ಎನಾಮಲ್ ಒರಟು ಮಾಡೋಕೆ ಹಚ್ಚುವ ಆಸಿಡ್ ಜೆಲ್ ಅಂಥ ಹಲ್ಲಿಗೆ ಸಾದಾ ಹದಿನೈದು ಸೆಕೆಂಡು ಸಾಲೋದಿಲ್ಲ, ಜಾಸ್ತಿ ಹೊತ್ತು ಬಿಡಬೇಕು. ಇಲ್ಲದಿದ್ದರೆ ಬಾಂಡ್ ಹಿಡಿಯಲ್ಲ. ನಿಮ್ಮ ಹಲ್ಲಲ್ಲಿ ಅಂಥ ಕಲೆ ಇದ್ದರೆ ಡಾಕ್ಟರಿಗೆ ತೋರಿಸಿ, ನೀವು ಬೆಳೆದ ಊರಿನ ನೀರಿನ ವಿಷಯ ಹೇಳಿ. ಎರಡನೆಯದು ನಮ್ಮ ಬಿಸಿಲು. ಕೋಣೆ ಕಾದಿದ್ದರೆ ಪುಡಿ ಮತ್ತು ದ್ರವ ಕಲಸಿದ ಸಿಮೆಂಟ್ ಬೇಗ ಬಿಗಿಯುತ್ತೆ. ಕಲಸಿದ್ದು ಒದ್ದೆಯಾಗಿ ಹೊಳೆಯುತ್ತಿರುವಾಗಲೇ ಹಲ್ಲಿಗೆ ಇಡಬೇಕು. ಹೊಳಪು ಆರಿತು ಅಂದರೆ ಬೆಸೆಯುವ ಶಕ್ತಿಯೂ ಹೋಯ್ತು, ಆಮೇಲೆ ಒತ್ತಿದರೆ ಸುಮ್ನೆ ಕೂತಿರುತ್ತೆ. ಬೇಸಿಗೆಯಲ್ಲಿ ನಾನು ಗಾಜಿನ ಪಲಕವನ್ನು ಫ್ರಿಜ್ಜಿನಲ್ಲಿಟ್ಟು, ತೇವ ಒರೆಸಿ ಅದರ ಮೇಲೆ ಕಲಸುತ್ತೇನೆ.

ನಿಮ್ಮ ಬಿಪಿ ಗುಳಿಗೆ ಯಾವುದು ಅಂತ ಬರೆದಿಲ್ಲ. ಆಮ್ಲೋಡಿಪಿನ್ ಆಗಿದ್ದರೆ ಕೆಲವರಿಗೆ ವಸಡು ಊದುತ್ತೆ. ಮೂತ್ರ ಹೆಚ್ಚಿಸುವ ಗುಳಿಗೆಯಾಗಿದ್ದರೆ ಬಾಯಿ ಒಣಗುತ್ತೆ, ಬೇರಿನ ಹತ್ತಿರ ಹುಳುಕು ಬೀಳುವ ಅಪಾಯ ಹೆಚ್ಚು. ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ. ಚೀಟಿ ತಗೊಂಡು ಹೋಗಿ ಹಲ್ಲಿನ ಡಾಕ್ಟರಿಗೆ ತೋರಿಸಿದರೆ ಸಾಕು.

ಹಾಗಾದರೆ ಕ್ರಮ ಹೇಗೆ? ಮೊದಲ ದಿನವೇ ಫಿಲ್ಲಿಂಗಿಗೆ ಕೂರಬೇಡಿ. ಗಾರೆ ಇದ್ದರೆ ತೆಗೆಸಿ, ವಸಡಿನ ಊತ, ರಕ್ತ ನಿಲ್ಲಲಿ. ಅವತ್ತಿಂದಲೇ ಸಾಫ್ಟ್ ಬ್ರಷ್, ಬೆರಳ ತುದಿಯಲ್ಲಿ ಹಗುರವಾಗಿ ಹಿಡಿದು, ವಸಡಿನಿಂದ ಹಲ್ಲಿನ ಕಡೆಗೆ. ಬಿಳಿ ಮಾಡುತ್ತೆ ಅಂತ ಮಾರುವ ಇದ್ದಿಲಿನ ಪೇಸ್ಟ್ ಬೇಡ. ಬೇವಿನ ಕಡ್ಡಿ ಇಷ್ಟವಾದರೆ ತುದಿಯನ್ನು ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಂಡು ಬಳಸಿ, ಬಲವಾಗಿ ಅಡ್ಡ ಎಳೆಯಬೇಡಿ. ಪೊಟ್ಯಾಸಿಯಂ ನೈಟ್ರೇಟ್ ಇರುವ ಸೆನ್ಸಿಟಿವ್ ಪೇಸ್ಟ್ ನಾಲ್ಕು ವಾರ ದಿನಕ್ಕೆ ಎರಡು ಸಲ ಹಚ್ಚಿ. ಎರಡು ದಿನಕ್ಕೆ ಗುಣ ಕಾಣಲಿಲ್ಲ ಅಂತ ಬಿಡಬೇಡಿ. ಕೆಳಗಿನ ಹಲ್ಲಿಗೆ ಇಷ್ಟೇ ಸಾಕಾಗಬಹುದು. ಅದರ ಫೋಟೋ ತೆಗೆದಿಟ್ಟು ಆರು ತಿಂಗಳಿಗೆ ಹೋಲಿಸಿ ನೋಡಿ. ಬಿಟ್ಟರೆ ಆಳವಾಗುವ ಅಪಾಯ ಇಲ್ಲ ಅನ್ನೋಕಾಗಲ್ಲ. ಆದರೆ ಕಾರಣ ನಿಂತರೆ ಸವೆತ ನಿಧಾನವಾಗುತ್ತೆ, ಅವಸರದಲ್ಲಿ ಹಾಕಿಸಿದ ಫಿಲ್ಲಿಂಗ್ ವಸಡಿಗೆ ಒತ್ತಿ ಕಸ ಕೂರಿಸಿಕೊಳ್ಳೋದಕ್ಕಿಂತ ಅದು ವಾಸಿ.

ಮೇಲಿನ ಹಲ್ಲುಗಳಿಗೆ ಕೂತಾಗ ಡಾಕ್ಟರನ್ನು ಕೇಳೋಕೆ ಹಿಂಜರಿಯಬೇಡಿ. ಒದ್ದೆ ತಡೆಯೋಕೆ ವಸಡಿನ ಸಂದಿಗೆ ತೆಳು ದಾರ ಇಡ್ತೀರಾ, ಇಲ್ಲ ರಬ್ಬರ್ ಹಾಳೆ ಹಾಕ್ತೀರಾ? ಮಿಂಚುವ ಭಾಗ ಒರಟು ಮಾಡ್ತೀರಾ? ಕಾಂಪೊಸಿಟ್ ಆದರೆ ಒಂದೇ ಸಲ ತುಂಬದೆ ಪದರ ಪದರವಾಗಿ ಹಾಕ್ತೀರಾ? ಕೆಲಸ ಗೊತ್ತಿರುವವರು ಈ ಪ್ರಶ್ನೆಗೆ ಸಿಟ್ಟಾಗಲ್ಲ. ಮೂರು ಹಲ್ಲನ್ನು ಹದಿನೈದು ನಿಮಿಷದಲ್ಲಿ ಮುಗಿಸುತ್ತೇನೆ ಅಂದರೆ ಇನ್ನೊಂದು ಕಡೆ ನೋಡಿ. ಖರ್ಚಿನ ಚಿಂತೆ ಇದ್ದರೆ ಕಲಬುರಗಿಯಲ್ಲಿ ನಿಜಲಿಂಗಪ್ಪ ಮತ್ತು ಅಲ್-ಬದರ್ ಡೆಂಟಲ್ ಕಾಲೇಜುಗಳಿವೆ, ಬೀದರ್‌ನಲ್ಲೂ ಡೆಂಟಲ್ ಕಾಲೇಜಿದೆ. ಫಿಲ್ಲಿಂಗ್ ಮಾಡುವ ಕನ್ಸರ್ವೇಟಿವ್ ವಿಭಾಗ ಕೇಳಿಕೊಂಡು ಹೋಗಿ. ಹೊತ್ತು ಹಿಡಿಯುತ್ತೆ, ಆದರೆ ಈ ಕೆಲಸಕ್ಕೆ ಹೊತ್ತೇ ಬೇಕು.

ನಾಲ್ಕು ವಾರ ಕಾಯಿರಿ ಅಂದೆ. ಅದು ತಣ್ಣೀರಿಗೆ ಜುಮ್ ಅಂದು ಆ ಕ್ಷಣವೇ ನಿಲ್ಲುವ ಹಲ್ಲಿಗೆ ಮಾತ್ರ. ಬಿಸಿ ಚಹಾಕ್ಕೆ ನೋವು ಬಂದು ನಿಮಿಷಗಟ್ಟಲೆ ಉಳಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ವಸಡಲ್ಲಿ ಗುಳ್ಳೆ ಎದ್ದರೆ ಮಾರನೇ ದಿನವೇ ಹೋಗಿ ಎಕ್ಸ್‌ರೇ ತೆಗೆಸಿ. ಆಗ ಯಾವ ಫಿಲ್ಲಿಂಗ್ ಅನ್ನುವ ಪ್ರಶ್ನೆ ಹಿಂದಕ್ಕೆ ಹೋಗುತ್ತೆ, ನರದ ಚಿಕಿತ್ಸೆ ಮೊದಲು. ಏನೇ ಹಾಕಿಸಿದರೂ ಯಾವ ಹಲ್ಲಿಗೆ ಯಾವ ವಸ್ತು, ಯಾವ ಬಾಂಡ್, ಯಾವ ತಾರೀಕು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದೆ ಅಂಚು ಒಡೆದರೆ ನೋಡುವ ಡಾಕ್ಟರಿಗೆ ಪೂರ್ತಿ ಕೀಳಬೇಕಾ, ಅದರ ಮೇಲೇ ಸರಿಪಡಿಸಬಹುದಾ ಅಂತ ತೀರ್ಮಾನಿಸೋಕೆ ಅದೇ ಬೇಕಾಗುತ್ತೆ.